ಅಪ್ಪನ ಉದ್ರಿ ಪುಸ್ತಕ, ಅಪ್ಪನ ಕೊಸರು

ಪ್ರಶ್ನೆ: ನಮ್ಮ ಅಪ್ಪ ಹಾವೇರಿ ಜಿಲ್ಲೆಯ ಒಂದು ಸಣ್ಣ ಊರಲ್ಲಿ 38 ವರ್ಷ ಕಿರಾಣಿ ಅಂಗಡಿ ನಡೆಸಿದರು. ತೀರಿಕೊಂಡು ಹನ್ನೊಂದು ತಿಂಗಳಾಯಿತು. ಮುಂದಿನ ತಿಂಗಳು ವರ್ಷದ ಕಾರ್ಯ. ಅಣ್ಣನಿಗೆ ದೊಡ್ಡದಾಗಿ ಮಾಡಬೇಕು ಅಂತ ಆಸೆ. ಸಾವಿರ ಜನರಿಗೆ ಊಟ, ಹೊಲದಲ್ಲಿ ಗ್ರಾನೈಟ್ ಸಮಾಧಿ, ಆಮೇಲೆ ವೇದಿಕೆ ಮೇಲೆ ನಿಂತು ಅಪ್ಪನ ಉದ್ರಿ ಪುಸ್ತಕದ ಬಾಕಿ ಎಲ್ಲ ಮನ್ನಾ ಅಂತ ಸಾರುವುದು. ಸುಮಾರು ಅರವತ್ತು ಮನೆಗಳ ಬಾಕಿ ಇದೆ. ತಂಗಿ ಶಾಲೆಯಲ್ಲಿ ದತ್ತಿ ಇಡೋಣ ಅನ್ನುತ್ತಾಳೆ. ನನಗೆ ಏನೂ ತೋಚುತ್ತಿಲ್ಲ. ಅಪ್ಪ ಒಳ್ಳೆಯವರು. ಯಾರದಾದರೂ ಬಾಕಿ ಇದ್ದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಪುಸ್ತಕ ಅವರ ಕಡೆ ತಿರುಗಿಸಿ ಪೆನ್ನಿನ ತುದಿಯಲ್ಲಿ ತೋರಿಸುತ್ತಿದ್ದರು. ಆದರೆ ಪಿಯುಸಿ ಆದ ಮೇಲೆ ನನ್ನನ್ನು ಓದಿಸಲಿಲ್ಲ, ಅಣ್ಣನನ್ನು ಧಾರವಾಡಕ್ಕೆ ಕಳಿಸಿದರು. ಅದು ಇನ್ನೂ ಚುಚ್ಚುತ್ತದೆ. ಅಪ್ಪನ ಮೌಲ್ಯ ಉಳಿಸಿಕೊಳ್ಳುವುದು ಅಂದರೆ ಏನು? ಅಂಗಡಿಯ ಹಳೇ ತಕ್ಕಡಿಯನ್ನು ಗುಜರಿಗೆ ಹಾಕೋಣ ಅಂತಲೂ ಅಣ್ಣ ಹೇಳುತ್ತಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಕಡೆ ನಿಂತೆ. ಪುಸ್ತಕ ತಿರುಗಿಸಿ ಪೆನ್ನಿನ ತುದಿಯಲ್ಲಿ ತೋರಿಸುತ್ತಿದ್ದರು ಅಂತ ಬರೆದಿದ್ದೀರಲ್ಲ, ಅಲ್ಲಿ. ನೀವು ಏನೂ ತೋಚುತ್ತಿಲ್ಲ ಅಂದಿದ್ದೀರಿ, ಆದರೆ ತೋಚಬೇಕಾದದ್ದು ನಿಮಗೆ ತೋಚಿಬಿಟ್ಟಿದೆ, ಅದನ್ನು ಬರೆದೂ ಆಗಿದೆ.

ಕುಟುಂಬಗಳ ಜೊತೆ ಆಪ್ತ ಸಮಾಲೋಚನೆ ಮಾಡುತ್ತಾ ನನಗೆ ಇಪ್ಪತ್ತು ವರ್ಷದ ಮೇಲಾಯಿತು. ತಂದೆಯನ್ನು ಕಳೆದುಕೊಂಡವರು ಎದುರಿಗೆ ಬಂದು ಕೂತಾಗ ಮೊದಲು ಹೇಳುವುದು ಗುಣಗಳನ್ನು. ಪ್ರಾಮಾಣಿಕರು, ಶಿಸ್ತಿನವರು, ಸರಳ ಜೀವಿ. ಶ್ರದ್ಧಾಂಜಲಿ ಫ್ಲೆಕ್ಸ್‌ಗಳಲ್ಲೂ ಇವೇ ಪದಗಳು. ಅದು ಸುಳ್ಳು ಅಂತಲ್ಲ, ಆದರೆ ಆ ಪದಗಳನ್ನು ಯಾರ ಅಪ್ಪನ ಫೋಟೋ ಕೆಳಗೆ ಬೇಕಾದರೂ ಬರೆಯಬಹುದು. ಆಗ ನಾನು ಕೇಳುತ್ತೇನೆ: ಗುಣ ಇರಲಿ, ಅವರು ಏನು ಮಾಡುತ್ತಿದ್ದರು ಹೇಳಿ. ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು, ದುಡ್ಡು ಎಣಿಸುವಾಗ ಹೇಗೆ ಕೂರುತ್ತಿದ್ದರು, ಸಿಟ್ಟು ಬಂದಾಗ ಎಲ್ಲಿಗೆ ಹೋಗುತ್ತಿದ್ದರು. ಅಲ್ಲಿಂದ ಶುರುವಾಗುತ್ತದೆ ನೋಡಿ ನಿಜವಾದ ಅಪ್ಪನ ಸುದ್ದಿ, ಕಣ್ಣೀರೂ ಅಲ್ಲೇ ಬರುತ್ತದೆ.

ನಿಮ್ಮ ಅಪ್ಪ ಪುಸ್ತಕ ತಿರುಗಿಸುತ್ತಿದ್ದರು. ಯಾಕೆ? ಅಂಗಡಿ ಕಟ್ಟೆ ಮೇಲೆ ಇನ್ನೂ ನಾಲ್ಕು ಜನ ನಿಂತಿರುತ್ತಾರೆ. ‘ನಿಂದು ಎಂಟುನೂರು ಬಾಕಿ ಐತಿ’ ಅಂತ ಜೋರಾಗಿ ಅಂದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಅವರಿಗೆ ಬಾಕಿಯೂ ಬೇಕಿತ್ತು, ಕೊಡಬೇಕಾದವನ ಮರ್ಯಾದೆಯೂ ಉಳಿಯಬೇಕಿತ್ತು. ಎರಡನ್ನೂ ಒಂದು ಪೆನ್ನಿನ ತುದಿಯಲ್ಲಿ ಸಂಭಾಳಿಸುತ್ತಿದ್ದರು. ಮೌಲ್ಯ ಅಂದರೆ ಏನು ಅಂತ ಕೇಳಿದ್ದೀರಲ್ಲ, ನನ್ನ ಪ್ರಕಾರ ಅದು ಇದೇ.

ಈಗ ಅಣ್ಣನ ಯೋಜನೆಗೆ ಬರೋಣ. ಬಾಕಿ ಮನ್ನಾ ಮಾಡುವುದು ದೊಡ್ಡ ಮನಸ್ಸಿನ ಕೆಲಸ, ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಮೈಕ್ ಹಿಡಿದು, ಊರವರ ಎದುರು, ಊಟಕ್ಕೆ ಕೂತ ಅರವತ್ತು ಮನೆಯವರು ತಲೆ ತಗ್ಗಿಸುವ ಹಾಗೆ ಸಾರಿದರೆ, ಅಪ್ಪ 38 ವರ್ಷ ಯಾವುದನ್ನು ಮಾಡಬಾರದು ಅಂತ ಜೋಪಾನ ಮಾಡಿದ್ದರೋ ಅದನ್ನು ಅವರದೇ ಹೆಸರಲ್ಲಿ ಒಂದೇ ದಿನದಲ್ಲಿ ಮಾಡಿದ ಹಾಗಾಗುತ್ತದೆ. ಹೆಸರು ಓದದಿದ್ದರೂ ಅಷ್ಟೇ. ಸಣ್ಣ ಊರಲ್ಲಿ ಯಾರ ಬಾಕಿ ಇದೆ ಅಂತ ಯಾರಿಗೆ ಗೊತ್ತಿರುವುದಿಲ್ಲ? ದಯವಿಟ್ಟು ಇದೊಂದನ್ನು ತಡೆಯಿರಿ. ಜಗಳ ಮಾಡಬೇಡಿ. ಅಣ್ಣನನ್ನು ಒಂಟಿಯಾಗಿ ಕೂರಿಸಿಕೊಂಡು, ಆ ಪುಸ್ತಕವನ್ನೇ ಕೈಗೆ ಕೊಟ್ಟು, ‘ಅಪ್ಪ ಇದನ್ನು ಹೆಂಗ ತೋರಸ್ತಿದ್ರು ನೆನಪೈತೇನು?’ ಅಂತ ಕೇಳಿ. ಅವರೂ ಆ ಅಂಗಡಿಯಲ್ಲೇ ಬೆಳೆದವರು. ಅವರಿಗೂ ನೆನಪಿರುತ್ತದೆ.

ಹಾಗಾದರೆ ಬಾಕಿಯನ್ನು ಏನು ಮಾಡಬೇಕು? ಮೊದಲು ಕಾನೂನಿನ ಮಾತು. ವಾಯಿದೆ ಗೊತ್ತುಮಾಡದೆ ಉದ್ರಿ ಕೊಟ್ಟ ಸಾಮಾನಿನ ಬಾಕಿಗೆ, ಸಾಮಾನು ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ಆ ಅವಧಿಯೊಳಗೆ ಬಾಕಿ ಉಂಟು ಅಂತ ಅವರು ಬರೆದು ಸಹಿ ಮಾಡಿದ್ದರೆ ಲೆಕ್ಕ ಅಲ್ಲಿಂದ ಮತ್ತೆ ಶುರು. ಅಂದರೆ ಪುಸ್ತಕದ ಹಳೇ ಹಾಳೆಗಳನ್ನು ಹಿಡಿದು ಕೋರ್ಟಿಗೆ ಹೋಗುವ ಪ್ರಶ್ನೆಯೇ ಇಲ್ಲ. ಇನ್ನು ಹೊಸ ಬಾಕಿ. ನನ್ನ ಸಲಹೆ, ಯಾರ ಮನೆ ಬಾಗಿಲಿಗೂ ಹೋಗಬೇಡಿ. ತಾವಾಗಿ ಬಂದು ‘ನಿಮ್ಮ ಅಪ್ಪಂದು ಇಷ್ಟು ಕೊಡೋದಿತ್ತು’ ಅಂತ ಕೊಟ್ಟವರ ಹತ್ತಿರ ತಗೊಳ್ಳಿ. ಬೇಡ ಅನ್ನಬೇಡಿ, ಅದೂ ಅವರ ಮರ್ಯಾದೆಯ ವಿಷಯ. ತಗೊಂಡು, ಅವರ ಎದುರಿಗೇ ಆ ಸಾಲಿನ ಮೇಲೆ ಗೆರೆ ಎಳೆಯಿರಿ. ಬರಲಾಗದವರದನ್ನು ಹಾಗೇ ಬಿಟ್ಟುಬಿಡಿ. ಬಿಟ್ಟಿದ್ದೇವೆ ಅಂತ ಹೇಳಲೂ ಹೋಗಬೇಡಿ. ಯಾರಾದರೂ ಮುಜುಗರದಿಂದ ನಿಮ್ಮನ್ನು ಕಂಡು ದಾರಿ ಬದಲಿಸುತ್ತಿದ್ದರೆ ನೀವೇ ಕರೆದು ಮಾತಾಡಿಸಿ, ಮಕ್ಕಳು ಹೇಗಿದ್ದಾರೆ ಅಂತ ಕೇಳಿ. ಅಷ್ಟರಲ್ಲೇ ಅವರಿಗೆ ಅರ್ಥವಾಗುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಹಾಳೆ ಇರುತ್ತದೆ, ಅದರ ಬಗ್ಗೆ ನೀವು ಏನೂ ಬರೆದಿಲ್ಲ. ಅಪ್ಪ ಕೊಡಬೇಕಾಗಿದ್ದ ದುಡ್ಡು. ಕಿರಾಣಿ ಅಂಗಡಿಯವರಿಗೆ ಹೋಲ್‌ಸೇಲ್‌ನವರ ಬಾಕಿ ಇಲ್ಲದಿರುವುದು ಅಪರೂಪ. ಬೆಲ್ಲದ ಅಂಗಡಿ, ಎಣ್ಣೆಯ ಡೀಲರ್, ಗಾಡಿ ಬಾಡಿಗೆ, ಹಮಾಲರ ಕೂಲಿ. ಕಾನೂನಿನ ಪ್ರಕಾರ ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಮಕ್ಕಳು ಆ ಸಾಲಕ್ಕೆ ಹೊಣೆ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ, ಆ ಒಂದೇ ಕಾರಣಕ್ಕೆ ಮಗನಿಂದ ವಸೂಲಿ ಮಾಡಬಹುದು ಅನ್ನುವ ಹಳೇ ಹಿಂದೂ ಕಾನೂನಿನ ತತ್ವವನ್ನು 2005ರ ತಿದ್ದುಪಡಿ ಮುಂದಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ಹಾಗಾಗಿ ನಿಮ್ಮ ಕುತ್ತಿಗೆಯ ಮೇಲೆ ಯಾರೂ ಕೂರಲಾರರು. ಆದರೂ ಹೇಳುತ್ತೇನೆ, ವರ್ಷದ ಕಾರ್ಯಕ್ಕೆ ಒಂದು ರೂಪಾಯಿ ತೆಗೆಯುವ ಮೊದಲು ಆ ಬಾಕಿ ಚುಕ್ತಾ ಮಾಡಿ. ಸಾವಿರ ಜನರ ಊಟಕ್ಕೆ ತಲೆಗೆ 150 ರೂಪಾಯಿ ಹಿಡಿದರೂ ಒಂದೂವರೆ ಲಕ್ಷ ಆಗುತ್ತದೆ. ಆ ಪಂಕ್ತಿಯಲ್ಲಿ ಅಪ್ಪನಿಂದ ಕೂಲಿ ಬರಬೇಕಾದ ಒಬ್ಬ ಹಮಾಲ ಕೂತಿದ್ದರೆ ಅಪ್ಪನಿಗೆ ಹೇಗನ್ನಿಸೀತು? ಮುನ್ನೂರು ಜನರಿಗೆ ಊಟ ಹಾಕಿ. ಕಡಿಮೆ ಏನಲ್ಲ ಅದು.

ಇಲ್ಲಿ ನಮ್ಮ ಅಪ್ಪನ ಒಂದು ವಿಷಯ ಹೇಳಲೇಬೇಕು. ಅವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಆಗೆಲ್ಲ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬರೆದುಕೊಡುತ್ತಿದ್ದರು, ಇಳಿಯುವಾಗ ಪ್ರಯಾಣಿಕರು ಕೇಳಿ ತಗೊಳ್ಳಬೇಕು. ಎಷ್ಟೋ ಜನ ಮರೆತು ಇಳಿದುಬಿಡುತ್ತಾರೆ. ನಮ್ಮ ಅಪ್ಪ ಮಾತ್ರ ಕೊನೇ ನಿಲ್ದಾಣದಲ್ಲಿ ಮೊದಲು ತಾನು ಇಳಿದು, ಮೆಟ್ಟಿಲ ಹತ್ತಿರ ನಿಂತು, ಎಡಗೈಯಲ್ಲಿ ಚಿಲ್ಲರೆ ಹಿಡಿದುಕೊಂಡು ‘ಚಿಲ್ಲರೆ ಯಾರದು, ಚಿಲ್ಲರೆ ಯಾರದು’ ಅಂತ ಕೂಗುತ್ತಿದ್ದರು. ರಜೆಯಲ್ಲಿ ಅವರ ಜೊತೆ ಬಸ್ಸಿನಲ್ಲಿ ಹೋದಾಗ ನನಗೆ ನಾಚಿಕೆ ಆಗುತ್ತಿತ್ತು, ಒಂದು ರೂಪಾಯಿಗೆ ಯಾಕೆ ಇಷ್ಟು ಕೂಗಾಟ ಅಂತ. ಅವರು ಹೋಗಿ ಹದಿನೈದು ವರ್ಷವಾಯಿತು. ಇವತ್ತಿಗೂ ಯಾರಿಗಾದರೂ ನಾನು ಕೊಡಬೇಕಾದದ್ದು ನನ್ನ ಹತ್ತಿರ ಉಳಿದರೆ ಆ ಕೂಗು ಕೇಳುತ್ತದೆ. ನಾನೇ ಹುಡುಕಿಕೊಂಡು ಹೋಗಿ ಕೊಡುತ್ತೇನೆ. ಅವರ ತಿಥಿಯನ್ನು ನಾನು ತಪ್ಪಿಸಿದ ವರ್ಷಗಳಿವೆ, ಇದನ್ನು ತಪ್ಪಿಸಿಲ್ಲ.

ಇದಕ್ಕೆ ನಮ್ಮ ಭಾಷೆಯಲ್ಲೇ ಒಂದು ಹಳೇ ಮಾತಿದೆ. ಶ್ರವಣಬೆಳಗೊಳದ ಶಾಸನಗಳಲ್ಲಿ ತೀರಿಕೊಂಡವರಿಗಾಗಿ ನಿಸಿಧಿ ಕಲ್ಲು ನಿಲ್ಲಿಸಿದ್ದನ್ನು ಹೇಳುವಾಗ ‘ಪರೋಕ್ಷವಿನಯ’ ಅನ್ನುವ ಪದ ಬರುತ್ತದೆ. ಕಣ್ಣೆದುರು ಇಲ್ಲದವರಿಗೆ ತೋರಿಸುವ ವಿನಯ. ಅದೇ ಊರಲ್ಲಿ, 12ನೇ ಶತಮಾನದಲ್ಲಿ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತನ್ನ ತಾಯಿ ಪೋಚವ್ವೆಗಾಗಿ ಚಿಕ್ಕಬೆಟ್ಟದ ಮೇಲೆ ಕತ್ತಲೆ ಬಸದಿ ಕಟ್ಟಿಸಿದ. ಹಾಗಾಗಿ ಕಲ್ಲು ನಿಲ್ಲಿಸುವ ಆಸೆ ಹೊಸದಲ್ಲ, ತಪ್ಪೂ ಅಲ್ಲ, ಸಮಾಧಿ ಬೇಕು ಅನ್ನುವ ಅಣ್ಣನನ್ನು ಸುಮ್ನೆ ತಳ್ಳಿಹಾಕಬೇಡಿ. ಅವ್ವನಿಗೆ ಹೋಗಿ ಕೂರಲು ಒಂದು ಜಾಗ ಬೇಕಾಗಬಹುದು. ಕಟ್ಟಿಸಿ, ಚಿಕ್ಕದಾಗಿ, ಪಕ್ಕದಲ್ಲಿ ಒಂದು ಬೇವಿನ ಗಿಡ ಇರಲಿ. ಆದರೆ ಆ ಪದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎದುರಿಗಿದ್ದಾಗ ವಿನಯ ತೋರಿಸುವುದು ಸುಲಭ, ಅವರು ನೋಡುತ್ತಿರುತ್ತಾರೆ. ನೋಡುವವರಿಲ್ಲದಾಗ ಮಾಡುವುದಕ್ಕೇ ಬೇರೆ ಹೆಸರು ಬೇಕಾಯಿತು ನಮ್ಮ ಹಿರಿಯರಿಗೆ.

ನಮ್ಮ ಹಳ್ಳಿಗಳ ಆಚರಣೆಯಲ್ಲೂ ಈ ತಿಳಿವಳಿಕೆ ಇದೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹಿರಿಯರಿಗೆ ಎಡೆ ಇಡುತ್ತಾರಲ್ಲ, ಅಲ್ಲಿ ‘ಹಿರಿಯರಿಗೆ’ ಅಂತ ಏನೋ ಒಂದನ್ನು ಇಟ್ಟು ಮುಗಿಸುವುದಿಲ್ಲ. ಈ ಮನೆಯ ಈ ಅಜ್ಜನಿಗೆ ಏನು ಇಷ್ಟವಿತ್ತೋ ಅದು. ಎಲೆ ಅಡಿಕೆ ಇಷ್ಟವಿದ್ದರೆ ಎಲೆ ಅಡಿಕೆ, ಬೀಡಿ ಸೇದುತ್ತಿದ್ದರೆ ಬೀಡಿ. ನಿಮ್ಮ ಕಡೆಯಾದರೆ ಬಹುಶಃ ಮಂಡಕ್ಕಿ, ಮಿರ್ಚಿ. ಆ ಮನುಷ್ಯನನ್ನೇ ನೆನೆಯುವುದು, ಯಾವುದೋ ಒಂದು ‘ತಂದೆ’ಯನ್ನಲ್ಲ. ನಿಮ್ಮ ಮನೆಯಲ್ಲಿ ಎಡೆಯ ಪದ್ಧತಿ ಇರಲಿ ಬಿಡಲಿ, ಯೋಚನೆ ಮಾಡುವ ರೀತಿ ಇದೇ ಇರಲಿ.

ದೊಡ್ಡವರ ಮನೆಯ ಉದಾಹರಣೆ ಬೇಕಾದರೆ ಡಾ. ರಾಜ್‌ಕುಮಾರ್ ಕುಟುಂಬವನ್ನು ನೋಡಿ. 1994ರಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಶುರುವಾಯಿತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದರು. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳನ್ನೂ ಕೊಟ್ಟರು. 2021ರ ಅಕ್ಟೋಬರ್ 29ರಂದು, ಇಡೀ ನಾಡು ದಿಕ್ಕು ತೋಚದೆ ನಿಂತಿದ್ದ ದಿನ, ಪುನೀತ್ ಅವರ ಕಣ್ಣುಗಳನ್ನು ಕೊಡುವುದನ್ನು ಆ ಮನೆ ಮರೆಯಲಿಲ್ಲ. ಸಾವಾದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಂಥ ಸಂಕಟದಲ್ಲಿ ಆರು ಗಂಟೆ ಎಷ್ಟು ಕಡಿಮೆ ಅಂತ ಮನೆಯಲ್ಲಿ ಸಾವು ಕಂಡವರಿಗೇ ಗೊತ್ತು. ಆ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಅಪ್ಪನಿಗೆ ರಾಜ್ಯದ ತುಂಬ ಪ್ರತಿಮೆಗಳಿವೆ. ಆದರೆ ಅವರು ಮಾಡಿದ ಕೆಲಸ ಮಗನ ತನಕ ಬಂದಿದ್ದು ಹೀಗೆ.

ತಂಗಿಯ ದತ್ತಿ ಯೋಚನೆ ನನಗೆ ಇಷ್ಟವಾಯಿತು. ಆದರೆ ಲೆಕ್ಕ ಹಾಕಿ ಮಾಡಿ. 1990ರ ಸುಮಾರಿಗೆ ಹತ್ತು ಸಾವಿರ ರೂಪಾಯಿ ದತ್ತಿ ಇಟ್ಟರೆ ಶೇ 10ರ ಬಡ್ಡಿಯಲ್ಲಿ ವರ್ಷಕ್ಕೆ ಒಂದು ಸಾವಿರ ಬರುತ್ತಿತ್ತು, ಆಗ ಅದು ಒಂದು ಮಗುವಿಗೆ ದೊಡ್ಡ ಬಹುಮಾನ. ಅದೇ ಹತ್ತು ಸಾವಿರಕ್ಕೆ ಶೇ 6 ಹಿಡಿದರೆ ಆರುನೂರು, ಒಂದು ಒಳ್ಳೆಯ ಸ್ಕೂಲ್ ಬ್ಯಾಗ್ ಕೂಡ ಕಷ್ಟ. ಹೀಗೆ ಸೊರಗಿದ ದತ್ತಿಗಳನ್ನು ನಾನು ಎಷ್ಟೋ ಶಾಲೆಗಳಲ್ಲಿ ನೋಡಿದ್ದೇನೆ. ಬೋರ್ಡಿನ ಮೇಲೆ ಹೆಸರಿರುತ್ತದೆ, ಬಹುಮಾನ ನಿಂತು ವರ್ಷಗಳಾಗಿರುತ್ತವೆ. ಅದಕ್ಕೇ ಒಂದೇ ಸಲ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಒಂದು ಲಕ್ಷ ಇಟ್ಟರೆ ವರ್ಷಕ್ಕೆ ಆರು ಸಾವಿರ ಬರುತ್ತದೆ ಅಂದುಕೊಳ್ಳಿ. ಅದರಲ್ಲಿ ಪ್ರತಿ ವರ್ಷ ಒಂದಿಷ್ಟನ್ನು ಅಸಲಿಗೆ ಸೇರಿಸುವ ಶರತ್ತು ಬರೆಸಿ, ಇಲ್ಲವೇ ಮೂವರೂ ಸೇರಿ ಐದು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕಿ. ಸರ್ಕಾರಿ ಶಾಲೆಯಾದರೆ ಮುಖ್ಯಶಿಕ್ಷಕರ ಜೊತೆ ಎಸ್‌ಡಿಎಂಸಿಯವರನ್ನೂ (ಶಾಲೆಯ ಅಭಿವೃದ್ಧಿ, ಉಸ್ತುವಾರಿ ಸಮಿತಿ) ಕೂರಿಸಿ ಮಾತಾಡಿ, ಠೇವಣಿ ಯಾರ ಸಹಿಯಲ್ಲಿ ಇರುತ್ತದೆ, ಬಡ್ಡಿಯನ್ನು ಯಾವುದಕ್ಕೆ ಕೊಡುತ್ತಾರೆ, ಎಲ್ಲ ಕಾಗದದ ಮೇಲೆ ಇರಲಿ. ಶಿಕ್ಷಕರು ವರ್ಗವಾಗಿ ಹೋಗುತ್ತಾರೆ, ಕಾಗದ ಇರುತ್ತದೆ.

ಯಾರಿಗೆ ಕೊಡಬೇಕು ಅನ್ನುವುದರ ಬಗ್ಗೆ ನನ್ನದೊಂದು ಮಾತಿದೆ, ಅದು ನಿಮ್ಮ ನೋವಿಗೇ ಸಂಬಂಧಪಟ್ಟದ್ದು.

ಪಿಯುಸಿ ಆದ ಮೇಲೆ ಅಪ್ಪ ಓದಿಸಲಿಲ್ಲ, ಅದು ಚುಚ್ಚುತ್ತದೆ ಅಂದಿರಿ. ಚುಚ್ಚಲಿ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅಂತ ಎಲ್ಲರೂ ಹೇಳುತ್ತಾರೆ, ಅದು ಹತ್ತು ಜನರ ಎದುರಿಗೆ ಸರಿ. ನಿಮ್ಮ ಮನಸ್ಸಿನೊಳಗೆ ಅದನ್ನು ಅದುಮಿಟ್ಟರೆ ಪ್ರೀತಿಯೂ ಅದರ ಜೊತೆಗೇ ಅದುಮಿಹೋಗುತ್ತದೆ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ‘ಅಪ್ಪ ಹೋದಾಗ ನನಗೆ ಅಳುವೇ ಬರಲಿಲ್ಲ’ ಅನ್ನುವವರು ತುಂಬ ಜನ. ಸ್ವಲ್ಪ ಕೆದಕಿದರೆ ಕೆಳಗೆ ಇಂಥದ್ದೇ ಏನೋ ಇರುತ್ತದೆ. ತೂಕದಲ್ಲಿ ಎಳ್ಳಷ್ಟೂ ಮೋಸ ಮಾಡದ ಮನುಷ್ಯ ಮಗ ಮಗಳ ನಡುವೆ ತೂಕ ತಪ್ಪಿದರು. ಎರಡೂ ನಿಜ. ಒಂದನ್ನು ಹೇಳಿದರೆ ಇನ್ನೊಂದು ಸುಳ್ಳಾಗುವುದಿಲ್ಲ. ಅವರ ಕಾಲ, ಊರಿನ ಮಾತು, ಕೈಯಲ್ಲಿದ್ದ ದುಡ್ಡು, ಕಾರಣ ಏನೇ ಇರಲಿ, ನಿಮಗೆ ನಷ್ಟವಾಗಿದ್ದಂತೂ ಹೌದು, ಅಲ್ವಾ? ತಂದೆಯ ಮೌಲ್ಯ ಉಳಿಸುವುದು ಅಂದರೆ ಅವರ ತಪ್ಪನ್ನೂ ಹೊತ್ತುಕೊಂಡು ಹೋಗುವುದಲ್ಲ.

ಹಾಗಾಗಿ ಆ ದತ್ತಿ ಹೆಚ್ಚು ಅಂಕ ತೆಗೆದವರಿಗೆ ಬೇಡ. ಅವರಿಗೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ನಿಮ್ಮೂರಿನ ಒಬ್ಬ ಹುಡುಗಿಗೆ ಇಡಿ. ಬಸ್ ಪಾಸು, ಪರೀಕ್ಷೆ ಫೀಸು, ಪುಸ್ತಕ. ಅಪ್ಪನ ಹೆಸರಲ್ಲೇ ಇಡಿ. ಅವರಿಂದ ಆಗದೇ ಹೋದದ್ದು ಅವರ ಹೆಸರಲ್ಲಿ ಆಗಲಿ. ಇದಕ್ಕೆ ಅಣ್ಣನ ದುಡ್ಡೂ ಸೇರಲಿ ಅಂತ ಕೇಳಿ, ಕೇಳುವ ಹಕ್ಕು ನಿಮಗಿದೆ.

ಹಕ್ಕಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ವರ್ಷದ ಕಾರ್ಯಕ್ಕೆ ಎಲ್ಲರೂ ಸೇರಿದಾಗ ‘ಹೆಂಗೂ ಬಂದೀರಿ, ಇಲ್ಲೊಂದು ಸಹಿ ಹಾಕ್ರಿ’ ಅಂತ ಹಕ್ಕು ಬಿಡುಗಡೆ ಪತ್ರ ಮುಂದಿಡುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಅಪ್ಪ ಉಯಿಲು ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸುವುದಾದರೆ, ಅವರ ಸ್ವಂತ ದುಡಿಮೆಯ ಆಸ್ತಿಯಲ್ಲಿ ಅವ್ವನಿಗೆ, ಅಣ್ಣನಿಗೆ, ನಿಮಗೆ, ತಂಗಿಗೆ ಸಮ ಪಾಲು, ಅಪ್ಪನ ತಾಯಿ ಇದ್ದರೆ ಅವರಿಗೂ. ಬಿಟ್ಟುಕೊಡುವುದು ನಿಮ್ಮ ಇಷ್ಟ. ಆದರೆ ಕಾರ್ಯದ ದಿನ, ಅಳುವ ಮುಖದಲ್ಲಿ ಯಾವುದಕ್ಕೂ ಸಹಿ ಮಾಡಬೇಡಿ. ಜೊತೆಗೆ, ಅವ್ವನ ಹೆಸರಿನಲ್ಲಿ ಏನಿದೆ ಅಂತ ಮೂವರೂ ಕೂತು ನೋಡಿ. ತಿಂಗಳ ಖರ್ಚಿಗೆ ಅವರು ಮಕ್ಕಳ ಎದುರು ಕೈಚಾಚುವ ಹಾಗಿದ್ದರೆ ಸಮಾಧಿಯ ಗ್ರಾನೈಟ್ ಒಂದು ವರ್ಷ ಕಾಯಲಿ.

ಇನ್ನೊಂದು ಸಣ್ಣ ಆದರೆ ತುರ್ತಿನ ಕೆಲಸ. ಅಪ್ಪ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜುಗಳು ನಿಮ್ಮ ಫೋನಿನಲ್ಲಿದ್ದರೆ ಇವತ್ತೇ ಬೇರೆ ಕಡೆ ಉಳಿಸಿ, ತಂಗಿಗೂ ಕಳಿಸಿ. 120 ದಿನ ಬಳಸದಿದ್ದರೆ ವಾಟ್ಸಾಪ್ ಖಾತೆ ಅಳಿಸಿಹೋಗುತ್ತದೆ, ಪ್ರಿಪೇಯ್ಡ್ ಸಿಮ್ ಅನ್ನು 90 ದಿನ ಬಳಸದೆ ಬಿಟ್ಟರೆ ಕಂಪನಿಯವರು ನಿಲ್ಲಿಸಬಹುದು, ಆಮೇಲೆ ಆ ನಂಬರ್ ಬೇರೆಯವರಿಗೆ ಹೋಗುತ್ತದೆ. ‘ಊಟ ಆತೇನವ್ವಾ’ ಅನ್ನುವ ಹತ್ತು ಸೆಕೆಂಡಿನ ದನಿ ಕಳೆದುಕೊಂಡು ನನ್ನ ಎದುರು ಅತ್ತವರಿದ್ದಾರೆ.

ಕೊನೆಗೆ ತಕ್ಕಡಿ. ಒಳ್ಳೆಯ ಕಿರಾಣಿ ಅಂಗಡಿಯವರು ತೂಕ ಸರಿಯಾದ ಮೇಲೂ ಒಂದು ಚಿಟಿಕೆ ಹಾಕುತ್ತಾರೆ, ಕೊಸರು. ಮುಳ್ಳು ನೆಟ್ಟಗೆ ನಿಂತಿರುತ್ತದೆ, ಕೊಳ್ಳುವವರು ಚೀಲ ಬಿಚ್ಚಿರುತ್ತಾರೆ, ಆಗ ನಾಲ್ಕು ಕಾಳು ಬೇಳೆ, ಒಂದು ಚೂರು ಬೆಲ್ಲ. ತೂಕಕ್ಕೆ ಸೇರದ್ದು, ಲೆಕ್ಕಕ್ಕೆ ಬಾರದ್ದು. ನಿಮ್ಮ ಅಪ್ಪ ಹಾಕುತ್ತಿದ್ದರಾ? ಅವ್ವನನ್ನು ಕೇಳಿ. ಆ ಬೆಲ್ಲದ ಚೂರು ಸಿಗುತ್ತಿದ್ದ ಮಕ್ಕಳು ಈಗ ದೊಡ್ಡವರಾಗಿರುತ್ತಾರೆ, ಅವರನ್ನೂ ಕೇಳಿ. ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ ಅಥವಾ ಉದ್ರಿ ಪುಸ್ತಕದ ಖಾಲಿ ಹಾಳೆಗಳಲ್ಲೇ ಬರೆದಿಡಿ. ವರ್ಷದ ದಿನ ಯಾರಾದರೂ ಮಾತಾಡಲೇಬೇಕು ಅಂದರೆ ಭಾಷಣ ಬೇಡ, ಇದರಲ್ಲಿ ನಾಲ್ಕು ಓದಿ.

ತಕ್ಕಡಿಯನ್ನು ಗುಜರಿಗೆ ಹಾಕುವುದು ಅಣ್ಣನೋ ನೀವೋ ತೀರ್ಮಾನ ಮಾಡುವ ವಿಷಯವಲ್ಲ. ಅವ್ವನ ಮುಂದೆ ಇಡಿ. 38 ವರ್ಷದ ಹಿಂದೆ ಅದಕ್ಕೆ ಮೊದಲ ಸಲ ಅರಿಶಿನ ಕುಂಕುಮ ಹಚ್ಚಿದವರು ಅವರೇ ಇರಬಹುದು.